ನನ್ನ ಬೆನ್ನಿಗೆ ನಿನ್ನ ಚೀಲ

ಜನವರಿ ೨೪, ಬೆಳಗ್ಗೆ

ಟೀಚರಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿಯೇ ಇರುತ್ತೀಯ, ನಿನಗೇನು ಧಾಡಿ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಬೆಟ್ಟದಿಂದ ತಂದ ಜ್ವರ ಬೇಗ ಬಿಟ್ಟಿತು, ಸಿಟ್ಟು ಬಿಡಲಿಲ್ಲ. ಇವತ್ತೂ ಬಿಟ್ಟಿಲ್ಲ. ಆದರೆ ಅಂಗಡಿಯಲ್ಲಿ ಹೊಲಿಗೆ ತಪ್ಪುತ್ತಿದೆ, ಒಬ್ಬರ ಕೋಟಿನ ತೋಳು ಇನ್ನೊಬ್ಬರದಕ್ಕೆ ಹೋಗುತ್ತಿದೆ. ಅದಕ್ಕೇ ಬರೆಯಲು ಕೂತೆ.

ಯಾಕೆ ಮುಖ ಊದಿಸಿಕೊಂಡಿದ್ದೀಯ, ಮುಂದಿನ ಚಳಿಗಾಲಕ್ಕೆ ಬರುತ್ತೀಯೋ ಇಲ್ಲವೋ ಹೇಳಿಬಿಡು ಎಂದು ಕೇಳಿದ್ದೀಯ. ಹೇಳುತ್ತೇನೆ, ಪೂರ್ತಿ ಓದು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ನೇರ ಕೊನೇ ಸಾಲಿಗೆ ಹಾರಬೇಡ.

ನೀನು, ನಾನು, ಪೋಸ್ಟಾಫೀಸಿನವಳು, ಉದ್ದಕ್ಕ. ನಾವು ನಾಲ್ವರು ಬೆಟ್ಟ ಹತ್ತುವಾಗಿನ ಪದ್ಧತಿ ಮಾಡಿದವಳು ನೀನೇ. ಬುಡದಲ್ಲಿ ಚೀಲ ಅದಲುಬದಲಾಗಬೇಕು. ಯಾರೂ ತಮ್ಮದನ್ನು ತಾವು ಹೊರಬಾರದು, ಇನ್ನೊಬ್ಬರದನ್ನು ಬಿಚ್ಚಬಾರದು. ಹಾಗಿದ್ದರೆ ಮುನಿಸಿಕೊಂಡು ಯಾರೂ ಅರ್ಧಕ್ಕೆ ಇಳಿದು ಹೋಗುವಂತಿಲ್ಲ, ಯಾರನ್ನೂ ಬಿಟ್ಟು ಹೋಗುವಂತಿಲ್ಲ ಅಂತ ನಿನ್ನ ಲೆಕ್ಕ. ಈ ಸಲ ನನ್ನದು ನಿನ್ನ ಬೆನ್ನಿಗೆ ಬಂತು, ನಿನ್ನದು ನನ್ನ ಬೆನ್ನಿಗೆ. ಹೋದ ವರ್ಷ ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿ ಬಿದ್ದಿದ್ದವಳು ನಾನು. ಆದರೂ ಮೊದಲ ಏರು ಏದುಸಿರಿಲ್ಲದೆ ಹತ್ತಿದೆ. ಉಬ್ಬಿಹೋದೆ ಕಣೇ. ನೋಡಿ, ನನ್ನ ಎದೆಗೆ ಏನೂ ಆಗಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಪೋಸ್ಟಾಫೀಸಿನವಳು ಉದ್ದಕ್ಕನ ಮುಖ ನೋಡಿದಳು, ಉದ್ದಕ್ಕ ಆಕಾಶ ನೋಡಿದಳು.

ಅರ್ಧ ದಾರಿಯ ಚಹಾ ಗುಡಿಸಲ ಹತ್ತಿರ ನಾನು ಬಂಡೆಯ ಮೇಲೆ ಕೂತುಬಿಟ್ಟೆ. ನೀವು ಮೂವರೂ ದೂರ ನಿಂತು ಗುಸುಗುಸು ಮಾಡಿದಿರಿ. ಆಮೇಲೆ ನೀನು ಬಂದು, ಒಂದನೇ ಕ್ಲಾಸಿನ ಮಗುವನ್ನು ಬೆಂಚಿಗೆ ಕೂರಿಸುವ ದನಿಯಲ್ಲಿ, "ನೀನು ಇಲ್ಲೇ ಇರು, ನಾವು ಹೀಗೆ ಹೋಗಿ ಹಾಗೆ ಬಂದ್ಬಿಡ್ತೀವಿ" ಅಂದೆ. ನನ್ನ ದಪ್ಪ ಕೋಟು, ಕೈಗವಸು, ಬಿಸಿ ಚಹಾದ ಫ್ಲಾಸ್ಕು ಎಲ್ಲ ನಿನ್ನ ಬೆನ್ನೇರಿ ತುದಿಗೆ ಹೋದವು. ಚಳಿಗಾಲವಾದ್ದರಿಂದ ಗುಡಿಸಲಿಗೆ ಬೀಗ. ಗಾಳಿ ಎದ್ದಿತು, ಹಿಮ ಉದುರಲು ಶುರುವಾಯಿತು. ಪದ್ಧತಿ ಮುರಿಯಬಾರದೆಂದು ಹಲ್ಲು ಕಚ್ಚಿ ಕೂತೆ. ಬೆರಳು ಮರಗಟ್ಟಿದ ಮೇಲೆ ಆ ಹಲ್ಲಿನಿಂದಲೇ ನಿನ್ನ ಚೀಲದ ಕಟ್ಟು ಬಿಚ್ಚಿದೆ. ಒಳಗೊಂದು ದಿಂಬು. ನಿನ್ನ ಸೋಫಾದ್ದು, ಗವಸು ಹೊಲಿದವಳು ನಾನೇ. ಅದು ಬಿಟ್ಟರೆ ಒಂದು ಕಾಲುಚೀಲವೂ ಇರಲಿಲ್ಲ.

ನೀವು ಇಳಿದು ಬಂದಾಗ ಇದೇನೆಂದು ಕೇಳಿದೆ. ನನಗೆ ಭಾರವಾಗಬಾರದೆಂದು ನಿನ್ನ ಸಾಮಾನೆಲ್ಲ ಉದ್ದಕ್ಕ ಹೊತ್ತಿದ್ದ ಚೀಲಕ್ಕೆ ತುಂಬಿದ್ದಾಗಿ ನೀನು ಹೇಳಿದೆ, ಭಾರೀ ಪುಣ್ಯ ಕಟ್ಟಿಕೊಂಡವಳ ಹಾಗೆ. ದಿಂಬು ಹೊತ್ತುಕೊಂಡು ಬೀಗುತ್ತಿದ್ದವಳನ್ನು ನೋಡುತ್ತಾ ಮೂವರೂ ತೆಪ್ಪಗಿದ್ದಿರಿ. ಇವಳ ಕೈಲಾಗದು ಅನಿಸಿದ್ದರೆ ಮುಖಕ್ಕೆ ಹೇಳಬೇಕಿತ್ತು. ಜಗಳವಾಡಿ ಅರ್ಧ ಇಳಿಸಿ ಉಳಿದರ್ಧ ಹೊರುತ್ತಿದ್ದೆ. ನಿನ್ನ ಕರುಣೆಗಿಷ್ಟು ಬೆಂಕಿ ಬೀಳ. ನನಗೆ ಬಂದ ಜ್ವರ ಅದರದ್ದೇ.

ನನ್ನ ಚೀಲವನ್ನು ಪೋಸ್ಟಾಫೀಸಿನವಳ ಕೈಲಿ ಕಳಿಸು. ನಿನ್ನ ಮಗಳ ಕೋಟು ಹೊಲಿದಾಗಿದೆ, ಒಳಗೆ ದಪ್ಪ ಬಟ್ಟೆ ಕೊಟ್ಟಿದ್ದೇನೆ, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಹೊಸ ಕೆಲಸದಲ್ಲಿ ಅವಳಿಗೆ ಒಳ್ಳೆಯದಾಗಲಿ, ಒಳ್ಳೆಯ ಗೆಳತಿಯರು ಸಿಗಲಿ. ನಿನಗೂ ದೇವರು ಒಳ್ಳೆಯದು ಮಾಡಲಿ, ಸದ್ಯಕ್ಕೆ ಆ ಕೆಲಸ ನನ್ನಿಂದಾಗದು.

ಇಂತಿ,
ಸೂಜಿ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಗುಡಿಸಲ ಹತ್ತಿರ ನಾನು ಉಸಿರು ಸಾಲದೆ ಕೂತೆ ಅಂತ ನೀವೆಲ್ಲ ತಿಳಿದಿದ್ದೀರಿ. ಉಸಿರಿತ್ತು. ಅದಕ್ಕೂ ಮುಂಚಿನ ತಿರುವಿನಲ್ಲಿ ನಿಮ್ಮ ಹಿಂದೆಯೇ ಇದ್ದೆ, ಮಂಜಿನಲ್ಲಿ ನಿಮಗೆ ಕಾಣಲಿಲ್ಲ. ಮುಂದಿನ ವರ್ಷ ನಾಲ್ಕನೆಯವಳು ಯಾರು ಅಂತ ಉದ್ದಕ್ಕ ಕೇಳಿದಳು. ನಿನ್ನ ನಾದಿನಿ ಅಂತ ನೀನು ಹೇಳಿದೆ. "ಅವಳು ಚುರುಕಾಗಿ ನಡೀತಾಳೆ. ಇವಳಿಗೆ ನಾನು ಹೇಗಾದ್ರೂ ಹೇಳ್ತೀನಿ ಬಿಡು" ಅಂದೆ. ನನ್ನ ಕಾಲು ಸೋತದ್ದು ಆಗ. ಈಗ ಕಾಗದ ಹಾಕಿ, ಬರುತ್ತೀಯೋ ಇಲ್ಲವೋ ಅಂತ ನನ್ನನ್ನೇ ಕೇಳುತ್ತೀಯ. ಬರುತ್ತೇನೆ. ಬರಬೇಡ ಅನ್ನುವುದಿದ್ದರೆ ಅಂಗಡಿಗೆ ಬಂದು, ನನ್ನ ಮುಖ ನೋಡಿ ಹೇಳು.