ದೋಸೆ ಹಿಟ್ಟು ಹಚ್ಚಬಾರದು

ಜಯನಗರ ನಾಲ್ಕನೇ ಟಿ ಬ್ಲಾಕ್, ಬೆಂಗಳೂರು
೨೪ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಕಿಟ್ಟಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಅಕ್ಕನಿಗೆ ಕೊಬ್ಬು ಅಂತ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಫೋನಿನಲ್ಲಿ ಮುಗಿಸೋಣವೆಂದರೆ ನಿನ್ನ ಕಿವಿಗೆ ಕೂಗಿ ಹೇಳಬೇಕು, ಕೂಗಿದರೆ ನಂಜನಗೂಡಿನಲ್ಲಿರುವ ನಿನಗಿಂತ ಮೊದಲು ನಮ್ಮ ಪಕ್ಕದ ಮನೆಯವರಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ನಿನ್ನ ಮಂಡಿನೋವು ಹೇಗಿದೆ? ಹೊಸ ಮಾತ್ರೆಯನ್ನು ಊಟ ಮಾಡಿಯೇ ನುಂಗು. ಬರಿಹೊಟ್ಟೆಯಲ್ಲಿ ನುಂಗಿ ಆಮೇಲೆ ಹೊಟ್ಟೆ ಉರಿ ಅನ್ನಬೇಡ.

ನನಗೆ ಕಾಯಿಲೆ ಏನಿಲ್ಲ. ಸುಸ್ತು, ಅಷ್ಟೇ. ಬೆಳಗ್ಗೆ ಎದ್ದು ಕಾಫಿ ಕುಡಿಯುವ ಹೊತ್ತಿಗೇ ಒಂದು ಮದುವೆ ಮನೆಯ ಕೆಲಸ ಮುಗಿಸಿದಷ್ಟು ಸುಸ್ತು. ಅದರ ಮೇಲೆ ನಿನ್ನೆ ಭಾನುವಾರ ಆರು ಸಲ ಸತ್ತು ಬದುಕಿದೆ. ಗಾಬರಿಯಾಗಬೇಡ, ಪಾಠಕ್ಕೋಸ್ಕರ.

ನಮ್ಮ ಸೊಸೆ ಚೈತ್ರ ಆಫೀಸಿನಲ್ಲಿ ಅರ್ಧ ದಿನ ಪ್ರಥಮ ಚಿಕಿತ್ಸೆ ಕಲಿತು ಬಂದಿದ್ದಾಳೆ. ಈಗ ಪ್ರತಿ ಭಾನುವಾರ ತಿಂಡಿಯಾದ ಮೇಲೆ ಹಾಲಿನಲ್ಲಿ ಚಾಪೆ ಹಾಸಿ ಧೃತಿಗೂ ಮಯೂರನಿಗೂ ಪಾಠ. ಧೃತಿಗೆ ಒಂಬತ್ತು, ಮಯೂರನಿಗೆ ಇನ್ನೂ ಐದು. ರೋಗಿ ಬೇಕಲ್ಲ, ಅದು ನಾನು. ಮಗ ಭಾರ್ಗವ ಮಲಗಬಹುದಿತ್ತು, ಆದರೆ ಅವನು ಮಲಗಿದರೆ ಐದು ನಿಮಿಷದಲ್ಲಿ ನಿಜವಾಗಿಯೂ ಗೊರಕೆ ಹೊಡೆಯುತ್ತಾನೆ. ಹಾಗಾಗಿ ಅರವತ್ತೇಳು ವರ್ಷದ ನಾನು ಚಾಪೆಯ ಮೇಲೆ ಬಿದ್ದುಕೊಂಡು ಮೂರ್ಛೆ ಹೋಗಬೇಕು. ನನಗೇ ನಗು ಬಂದರೆ ಮಯೂರ ಗದರುತ್ತಾನೆ, "ಅಜ್ಜಿ, ನಗ್ಬಾರ್ದು! ಪ್ರಜ್ಞೆ ಇಲ್ದೋರು ನಗಲ್ಲ!" ಇಬ್ಬರೂ ಸೇರಿ ಅಕ್ಕಿಮೂಟೆ ಉರುಳಿಸಿದ ಹಾಗೆ ನನ್ನನ್ನು ಪಕ್ಕಕ್ಕೆ ಹೊರಳಿಸುತ್ತಾರೆ. ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಅದಕ್ಕೆ ಮಾತ್ರ ಅವರ ಡಬ್ಬಿಯಲ್ಲಿ ಔಷಧಿ ಇಲ್ಲ.

ನಿನ್ನೆ ಆಂಬುಲೆನ್ಸಿಗೆ ಫೋನ್ ಮಾಡುವುದು ಹೇಗೆಂದು ಹೇಳಿಕೊಟ್ಟಳು. ಚೈತ್ರ ಆ ಕಡೆಯವಳ ಹಾಗೆ ದನಿ ಬದಲಿಸಿ, "ಹಲೋ, ಎಲ್ಲಿಂದ ಮಾತಾಡ್ತಿದೀರ?" ಎಂದಳು. ಮಯೂರ ಬಹಳ ಗಂಭೀರವಾಗಿ, "ಸೋಫಾ ಮೇಲಿಂದ" ಎಂದ. ಎಲ್ಲರೂ ನಕ್ಕೆವು. ಧೃತಿ ಮಾತ್ರ ಮನೆ ನಂಬರು, ಕ್ರಾಸು, ಮೇನು, ಎದುರಿಗಿರುವ ಬೇಕರಿ, ಒಂದೂ ಬಿಡದೆ ಹೇಳಿದಳು. ಮೂಗಿನಲ್ಲಿ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸಬಾರದಂತೆ, ಮುಂದಕ್ಕೆ ಬಾಗಿಸಿ ಮೂಗನ್ನು ಹಿಡಿದುಕೊಂಡಿರಬೇಕಂತೆ. ಚಿಕ್ಕಂದಿನಲ್ಲಿ ನಿನ್ನ ಮೂಗಿನಿಂದ ರಕ್ತ ಬಂದಾಗಲೆಲ್ಲ ನಾನು ನಿನ್ನ ಕತ್ತು ಹಿಂದಕ್ಕೆ ಎಳೆದು ಸೂರು ನೋಡಿಸುತ್ತಿದ್ದೆ. ಹೇಗೋ ಬದುಕಿದ್ದೀಯ, ಪುಣ್ಯ.

ಕೊನೆಗೆ ಸುಟ್ಟ ಗಾಯದ ಪಾಠ ಬಂತು. "ಸುಟ್ಕೊಂಡ್ರೆ ಏನ್ ಮಾಡ್ಬೇಕು?" ಎಂದು ಚೈತ್ರ ಕೇಳಿದಳು. "ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹಿಡೀಬೇಕು!" "ಏನ್ ಹಚ್ಬಾರ್ದು?" "ದೋಸೆ ಹಿಟ್ಟು!" ಎಂದು ಮಯೂರ ಮನೆ ಹಾರಿಹೋಗುವ ಹಾಗೆ ಕೂಗಿದ. ಭಾರ್ಗವ ನಗಲು ಹೋಗಿ ನನ್ನ ಮುಖ ನೋಡಿ ಕೆಮ್ಮಿದ. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ನಿನಗೆ ಅರ್ಧ ಗೊತ್ತು. ಎರಡು ತಿಂಗಳ ಹಿಂದೆ ನಿಮ್ಮ ಭಾವನವರ ತಿಥಿಯ ದಿನ, ಮಂಡಿನೋವೆಂದು ನೀನು ಬರದಿದ್ದಾಗ, ಧೃತಿ ಕೈ ಸುಟ್ಟುಕೊಂಡಳು. ಒಳಗೆ ತಿಥಿಯ ಅಡುಗೆ ನಡೆಯುತ್ತಿದ್ದರೆ ಹೊರಗಿನವರ ಕಾಫಿ, ಹಾಲು ಎಲ್ಲ ಊಟದ ಮೇಜಿನ ಮೇಲೆ ಕರೆಂಟಿನ ಕೆಟಲ್ಲಿನಲ್ಲೇ ತಾನೇ. ಮಗು ತಾನೇ ಬಿಸಿನೀರು ಬಗ್ಗಿಸಿಕೊಳ್ಳಲು ಹೋಗಿ ಎಡಗೈಯ ಮೇಲೆ ಸುರಿದುಕೊಂಡಿತು. ಚೈತ್ರ ಹೂವು ಬಾಳೆಲೆ ತರಲು ಹೋಗಿದ್ದಳು, ಭಾರ್ಗವ ಪುರೋಹಿತರ ಮುಂದೆ ಕೂತಿದ್ದ. ನಾನು ಫ್ರಿಜ್ಜಿನಿಂದ ದೋಸೆ ಹಿಟ್ಟು ತೆಗೆದು ಮೊಣಕೈತನಕ ಮೆತ್ತಿದೆ. ಅಮ್ಮ ನಮಗೆಲ್ಲ ಹಚ್ಚಿದ್ದೂ ಅದನ್ನೇ ಅಲ್ಲವೇನೋ? ದೀಪಾವಳಿಯಲ್ಲಿ ನಿನ್ನ ಕೈಗೆ ಹೂಕುಂಡ ಸಿಡಿದಾಗ ಒರಳಿನಿಂದಲೇ ಬಳಿದು ಹಚ್ಚಿದ್ದರು.

ಕ್ಲಿನಿಕ್ಕಿನಲ್ಲಿ ಆ ಹಿಟ್ಟನ್ನು ತೆಗೆಯಬೇಕಾಯಿತು. ಒಣಗಿ ಹತ್ತಿಕೊಂಡಿತ್ತು. ತೆಗೆಯುವಾಗ ಮಗು ಅರಚಿದ್ದು ಇನ್ನೂ ಕಿವಿಯಲ್ಲಿದೆ. ಡಾಕ್ಟರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. "ಅಮ್ಮಾ, ಬರೀ ತಣ್ಣೀರು ಸಾಕಾಗಿತ್ತು" ಎಂದರು, ಬೈಯಲೂ ಇಲ್ಲ. ಕೈಯಲ್ಲಿ ಅಂಗೈಯಗಲ ಕಲೆ ಉಳಿದಿದೆ, ಹೋಗುತ್ತದಂತೆ.

ಚೈತ್ರ ಒಂದು ಮಾತೂ ಅನ್ನಲಿಲ್ಲ ಕಿಟ್ಟಿ. ಅಂದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ತಿರುಗಿಸಿ ಅಂದು ಹಗುರಾಗುತ್ತಿದ್ದೆ. "ನಿಮ್ಮ ಕಾಲ್ದಲ್ಲಿ ಹಾಗೇ ಅಲ್ವಾ ಅತ್ತೆ, ಬಿಡಿ" ಎಂದು ನನಗೇ ಕಾಫಿ ತಂದುಕೊಟ್ಟಳು. ಆದರೆ ನಿನ್ನೆ ಪಾಠ ಮುಗಿಸಿ ಚಾಪೆ ಸುತ್ತುತ್ತಾ ಗಂಡನಿಗೆ ಹೇಳುತ್ತಿದ್ದುದು ಕೇಳಿಸಿತು. "ಮಕ್ಳಿಗೆ ಇಷ್ಟು ಬಂದ್ಬಿಟ್ರೆ ನಾನು ಆಫೀಸಲ್ಲಿ ನೆಮ್ಮದಿಯಾಗಿರ್ತೀನಿ." ಮೂರೂವರೆಗೆ ಸ್ಕೂಲ್ ವ್ಯಾನು ಬಂದಾಗಿನಿಂದ ಗಂಡ ಹೆಂಡತಿ ಆಫೀಸಿನಿಂದ ಬರುವ ಏಳು ಗಂಟೆತನಕ ಮಕ್ಕಳ ಜೊತೆ ಮನೆಯಲ್ಲಿರುವುದು ನಾನು. ನಾನಿದ್ದೂ ಮಕ್ಕಳು ತಮ್ಮನ್ನು ತಾವೇ ನೋಡಿಕೊಳ್ಳುವುದನ್ನು ಕಲಿತರೆ ಅವಳಿಗೆ ನೆಮ್ಮದಿ. ತಪ್ಪೇನೂ ಇಲ್ಲ, ತಾಯಿ ಅವಳು. ಆದರೆ ಆ ಮೂರೂವರೆ ಗಂಟೆ ಬಿಟ್ಟರೆ ಈ ಮನೆಯಲ್ಲಿ ನನ್ನದು ಅಂತ ಇನ್ನೇನಿದೆ ಹೇಳು? ಮಕ್ಕಳು ಬಿದ್ದರೆ, ಎದ್ದರೆ, ಹಸಿದರೆ "ಅಜ್ಜೀ" ಅಂತ ನನ್ನ ಹತ್ತಿರ ಓಡಿ ಬರಬೇಕು, ನನಗೆ ಬೇಕಾದ್ದು ಅಷ್ಟೇ.

ಅದಕ್ಕೇ ಈ ವಯಸ್ಸಿನಲ್ಲಿ ನಾನೂ ಕಲಿಯುತ್ತಿದ್ದೇನೆ. ಮಕ್ಕಳು ಮಲಗಿದ ಮೇಲೆ ಧೃತಿಯ ನೋಟ್‌ಬುಕ್ಕಿನಿಂದ ನೋಡಿ ಬರೆದುಕೊಳ್ಳುತ್ತೇನೆ. ಚೈತ್ರ ಪರೀಕ್ಷೆ ಮಾಡಿದರೆ ಮಯೂರನಿಗಿಂತ ಹೆಚ್ಚು ಮಾರ್ಕ್ಸ್ ತೆಗೆಯುತ್ತೇನೆ, ಅನುಮಾನ ಬೇಡ.

ಸಾಕು, ಕಣ್ಣು ಉರಿಯುತ್ತಿದೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಚಳಿ ಶುರುವಾಗಿದೆ, ಕಿವಿಗೆ ಹತ್ತಿ ಇಟ್ಟುಕೊಂಡು ವಾಕಿಂಗ್ ಹೋಗು. ನಂಜುಂಡೇಶ್ವರ ನಿಮ್ಮಿಬ್ಬರನ್ನೂ ಯಾರ ಕೈಗೂ ಹಾಕದೆ, ನಡೆದಾಡಿಕೊಂಡೇ ಇರುವ ಹಾಗೆ ಇಟ್ಟಿರಲಿ.

ನಿನ್ನ ಅಕ್ಕ,
ಸರಸ್ವತಿ

ತಾ.ಕ.: ಕವರು ಅಂಟಿಸಲು ಕೂತವಳು ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹಿಟ್ಟಿನ ವಿಷಯ ಉದ್ದಕ್ಕೆ ಬರೆದೆ. ಅದು ಎಲ್ಲರಿಗೂ ಗೊತ್ತು, ಎಲ್ಲರೂ ಕ್ಷಮಿಸಿಯೂ ಆಗಿದೆ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ.

ಅವತ್ತು ಧೃತಿ ಕಿರುಚುತ್ತಾ ಅಡುಗೆಮನೆಗೆ ಓಡಿಬಂದು ನನ್ನ ಕಡೆ ಎರಡೂ ಕೈ ಚಾಚಿದಳು. ನಾನು ಮಡಿಯಲ್ಲಿದ್ದೆ. ಸೆರಗು ಎಳೆದುಕೊಂಡು ಹಿಂದಕ್ಕೆ ಸರಿದು, "ಮುಟ್ಬೇಡ, ಮಡಿ!" ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲವೋ, ನಲವತ್ತು ವರ್ಷದಿಂದ ನಾಲಿಗೆಗೆ ಅಂಟಿಕೊಂಡಿರುವ ಮಾತು. ಮಗು ಅಳುವುದನ್ನೂ ನಿಲ್ಲಿಸಿ, ಸುಟ್ಟ ಕೈಯನ್ನು ಹಾಗೇ ಚಾಚಿಕೊಂಡು ನಿಂತುಬಿಟ್ಟಿತು. ಮರುಕ್ಷಣ ಮಡಿ ಹಾಳಾಗಲಿ ಎಂದು ಬಾಚಿ ತಬ್ಬಿಕೊಂಡೆ, ನಿಜ. ಆಡಿದ್ದು ಆಡಿಯಾಗಿತ್ತು. ಅವಳು ಅದನ್ನು ಅವರಮ್ಮನಿಗೆ ಹೇಳಿಲ್ಲ. ನಾನೂ ಹೇಳಿಲ್ಲ.

ಹೋದ ಗುರುವಾರ ಸ್ಕೂಲಿಂದ ಬಂದವಳು ಕೆಳಗೆ ಸೈಕಲ್ಲಿನಿಂದ ಬಿದ್ದಳು. ಮಂಡಿ ತರಚಿ ರಕ್ತ ಬಂದಿತ್ತು. ಗೇಟಿನ ಹತ್ತಿರದ ನಲ್ಲಿಯಲ್ಲಿ ತೊಳೆದುಕೊಂಡು, ಬಾಗಿಲ ಹೊರಗಿನ ಗೂಡಿನಲ್ಲಿಟ್ಟಿರುವ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಬಟ್ಟೆ ತೆಗೆದು ಒತ್ತಿ ಹಿಡಿದು, ಪಟ್ಟಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಸಂಜೆ ಚೈತ್ರ, "ನೋಡಿ ಅತ್ತೆ, ಡಾಕ್ಟರ್ ಥರಾನೇ ಕಟ್ಕೊಂಡಿದಾಳೆ!" ಎಂದು ಹಿಗ್ಗಿದಳು. ಭಾರ್ಗವ ಐಸ್‌ಕ್ರೀಂ ತಂದ.

ಅವರು ಬರುವುದಕ್ಕೆ ಮೊದಲು ನಾನು ಅವಳ ಪಕ್ಕದಲ್ಲಿ ಕೂತು ಕೇಳಿದ್ದೆ, "ನನ್ನನ್ನ ಯಾಕೆ ಕರೀಲಿಲ್ವೇ ಪುಟ್ಟಿ? ಒಳಗೇ ಇದ್ನಲ್ಲ."

ಕೋಪವಿಲ್ಲ, ಮುನಿಸಿಲ್ಲ. "ಬಾಗಿಲ ತನಕ ಬಂದಿದ್ದೆ ಅಜ್ಜಿ" ಎಂದಳು. "ನೀನು ಮಡೀಲಿದ್ಯೇನೋ ಅಂತ ವಾಪಸ್ ಹೋದೆ."

ನಾನು ನೈಟಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ ಕಿಟ್ಟಿ.