ಪಕ್ಕದ ತಟ್ಟೆ

ಅಮ್ಮಾ,

ಬೆಳಗಿನ ಪಾಳಿಗೆ ಹೊರಟೆ. ಮಧ್ಯಾಹ್ನ ನಿನ್ನ ಮೊಮ್ಮಗಳ ಊಟ ನಿನ್ನ ಜವಾಬ್ದಾರಿ.

ಅವಳ ತಟ್ಟೆಗೆ ಬಡಿಸಿ ಮುಚ್ಚಿಟ್ಟಿದ್ದೇನೆ. ಕಡಿಮೆ ಮಾಡು ಅಂತ ಅವಳು ಎಷ್ಟು ಗೋಗರೆದರೂ ಅದರಿಂದ ತೆಗೆಯಬೇಡ. ಬೈಯಲೂ ಬೇಡ. ಇದು ಹಟವಲ್ಲ, ಕಾಯಿಲೆ ಅಂತ ಥೆರಪಿ ಮೇಡಂ ಎಷ್ಟು ಸಲ ಹೇಳಿಲ್ಲ? ಊಟವಾದ ಮೇಲೆ ಸ್ವಲ್ಪ ಹೊತ್ತು ಜೊತೆಗೇ ಕೂರಿಸಿಕೋ, ಒಬ್ಬಳೇ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳದಿರಲಿ.

ಮೊನ್ನೆಯ ಹಾಗೆ "ಈಗ ಮುಖ ತುಂಬಿಕೊಂಡಿದೆ ನೋಡು" ಅನ್ನಬೇಡ, ನಿನ್ನ ದಮ್ಮಯ್ಯ. ನೀನು ಮುದ್ದಿಗೆ ಹೇಳಿದ್ದು ಅಂತ ನನಗೆ ಗೊತ್ತು. ಅವಳು ದಪ್ಪಗಾದೆ ಅಂತ ಕನ್ನಡಿ ಮುಂದೆ ನಿಂತು ಅತ್ತಳು, ಆಮೇಲೆ ಊಟ ಮುಟ್ಟಲಿಲ್ಲ.

ನಿನ್ನೆ ಮೇಡಂ, "ಯಾರ ಜೊತೆ ಕೂತರೆ ತುತ್ತು ಇಳಿಯುತ್ತೆ?" ಅಂತ ಕೇಳಿದರು. ಅವಳು ಹೇಳಿದಳು: "ಅಜ್ಜಿ ಜೊತೆ. ಆದ್ರೆ ಅಜ್ಜಿ ಈಗ ಊಟ ಮಾಡಲ್ಲ. ನಾನು ತಿಂತೀನಾ ಅಂತ ನೋಡ್ತಾ ಕೂತಿರ್ತಾರೆ."

ಅವಳು ಉಣ್ಣದೆ ನಿನಗೆ ಅನ್ನ ಸೇರುವುದಿಲ್ಲ, ಗೊತ್ತು. ಆದರೂ ಅವಳ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಇಟ್ಟಿದ್ದೇನೆ. ಅದು ನಿನ್ನದು.

ಮೊದಲ ತುತ್ತು ನೀನು ತಿನ್ನು.