ಉಪ್ಪಿನ ಡಬ್ಬಿಯ ಮೇಲಿನ ಚೀಟಿ

ಅಕ್ಕಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಬರೆದು ಕಳಿಸುತ್ತಿದ್ದೇನೆ. ಆಸ್ಪತ್ರೆಗೆ ಬರುವಾಗ ಅಮ್ಮನ ಕನ್ನಡಕ, ಮಾತ್ರೆಗಳ ಡಬ್ಬಿ ತೆಗೆದುಕೊಂಡು ಬಾ. ರಕ್ತದೊತ್ತಡಕ್ಕೆಂದು ಅವಳು ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆ ರಕ್ತದ ಉಪ್ಪಿನಂಶವನ್ನು ಅಪಾಯದ ಮಟ್ಟಕ್ಕೆ ಇಳಿಸಿದೆಯಂತೆ. ಅವಳ ಗೊಂದಲದ ಮಾತಿಗೆ ನಾವು ಅರಳುಮರಳೆಂದು ನಕ್ಕಿದ್ದೆವಲ್ಲ, ಅದು ಇದರಿಂದಲೇ. ಈಗ ಮೆಲ್ಲಗೆ ಏರಿಸಬೇಕು, ಅವಸರಿಸಿದರೆ ಮೆದುಳಿಗೆ ಪೆಟ್ಟು. ನಾನೋ ಐದು ನಿಮಿಷಕ್ಕೊಮ್ಮೆ ಎದ್ದು ಹೋಗಿ, ಡ್ರಿಪ್ ಎಷ್ಟು ಇಳಿಯಿತೆಂದು ನೋಡಿ ನರ್ಸಮ್ಮನಿಂದ ಬೈಸಿಕೊಳ್ಳುತ್ತಿದ್ದೇನೆ.

“ಆ ಮಾತ್ರೆ ಸಾಲದು ಅಂತ ಊಟದಲ್ಲೂ ಉಪ್ಪು ಬಿಟ್ರಂತಲ್ಲ, ಯಾಕಮ್ಮಾ?” ಎಂದರು ಡಾಕ್ಟರು.

ಗುರುತು ಸಿಗದೆ ನನ್ನನ್ನು ಕರೆಂಟ್ ಮೀಟರ್ ಓದುವವನೆಂದು ತಿಳಿದಿರುವ ಅಮ್ಮ ತಡವರಿಸದೆ ಹೇಳಿದಳು: “‘ಉಪ್ಪು ಬಿಟ್ಟವರಿಗೆ ಮುಪ್ಪಿಲ್ಲ.’ ನನ್ನ ಮಗ ಬರ್ದಿದ್ದು. ಪ್ರಾಸ ಚೆನ್ನಾಗಿ ಕಟ್ತಾನೆ.”

ಉಪ್ಪಿನ ಡಬ್ಬಿಯ ಮೇಲೆ ಅಂಟಿಸಿದ ಆ ಚೀಟಿಯನ್ನು, ನಾನು ಮನೆಗೆ ಬರುವ ಮೊದಲು ಕಿತ್ತುಹಾಕು.

ಪ್ರಾಸ ಬಿಟ್ಟ
ನಿನ್ನ ತಮ್ಮ